ಕಂಡದ್ದೂ ಕಂಡೆನೆಂಬುದೂ

ಕಳೆದ ಮಾಸದಲ್ಲಿ ಹೊಳಲ್ಕೆರೆಯಲ್ಲಿ ಸೇರಿದ್ದ ನಮ್ಮ ಸಂಘದ ಸಭೆಯಲ್ಲಿ ಒಂದು ನಿರ್ಣಯವು ಚರ್ಚೆಯೇ ಇಲ್ಲದೆ ಅಂಗೀಕೃತವಾಗುವುದರಲ್ಲಿತ್ತು. ಬಿ.ದುರ್ಗ ಹೋಬಳಿಯ ಪ್ರೌಢಶಾಲೆಯೊಂದಕ್ಕೆ ಎಂಟು ಅಂಗುಲ ದರ್ಪಣದ ದೂರದರ್ಶಕವನ್ನು ಕೊಡಿಸಬೇಕೆಂದು ಮೂರು ವರ್ಷಗಳಿಂದ ಕೂಡಿಸಿದ ಹಣವನ್ನು, ಅದೇ ಶಾಲೆಗೆ ದೊಡ್ಡದೊಂದು ಪರದೆಯನ್ನು ಕೊಳ್ಳುವುದಕ್ಕೆ ತಿರುಗಿಸಬೇಕೆಂಬುದೇ ಆ ನಿರ್ಣಯ. ಹೊತ್ತು ಮೀರಿದ್ದಿತು, ಹೊರಗೆ ಕಾಫಿ ಸಿದ್ಧವಾಗಿದ್ದಿತು, ಯಾರೂ ಎದುರಾಡಲಿಲ್ಲ. ವಿಷಯವನ್ನು ಮುಂದಿನ ಸಭೆಗೆ ಇಡಬೇಕೆಂದು ನಾನೊಬ್ಬನು ಎದ್ದು ಬೇಡಿಕೊಂಡೆನು. ಅಧ್ಯಕ್ಷರು ದಾಕ್ಷಿಣ್ಯಕ್ಕೆ ಒಪ್ಪಿದರು. ಅಂದು ಆಡಲಾಗದ ಮಾತನ್ನು ಇಂದು ಈ ಪತ್ರಿಕೆಯ ಮೂಲಕ ವಾಚಕ ಮಹಾಶಯರ ಮುಂದೆ ಇಡುತ್ತಿದ್ದೇನೆ.

ಪ್ರತಿಪಕ್ಷದವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಅಧಿಕಾರವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಆದಕಾರಣ ಮೊದಲು ಪೂರ್ವಪಕ್ಷ. ನಿರ್ಣಯವನ್ನು ತಂದ ನಮ್ಮ ಮಿತ್ರರು ಇಂಜಿನಿಯರ್ ವೃತ್ತಿಯಲ್ಲಿದ್ದು ನಿವೃತ್ತರಾದವರು, ವಿಜ್ಞಾನದ ಶತ್ರುಗಳಲ್ಲ. ಅವರು ಹೇಳಿದ್ದು ಇಷ್ಟು: “ಕುಜನ ನೆಲದ ಮೇಲೆ ೨೦೧೨ರಿಂದ ಒಂದು ಬಂಡಿ, ೨೦೨೧ರಿಂದ ಇನ್ನೊಂದು ಬಂಡಿ ಉರುಳಾಡಿ ಒಂದೊಂದು ಕಲ್ಲಿನ ಚಿತ್ರವನ್ನೂ ಕಳುಹಿಸಿವೆ. ನಮ್ಮ ದೇಶದ ಮಂಗಳಯಾನವೇ ೨೦೧೪ರ ಸೆಪ್ಟೆಂಬರ್ ೨೪ರಂದು ಆ ಗ್ರಹವನ್ನು ಸೇರಿ ಇಡೀ ಬಿಂಬದ ಛಾಯಾಚಿತ್ರವನ್ನು ತೆಗೆಯಿತು. ಹೀಗಿರುವಾಗ ಮೈದಾನದಲ್ಲಿ ನಿಂತು ಕೊಳವೆಯಲ್ಲಿ ಇಣುಕಿ, ಕಡಲೆಗಾತ್ರದ ನಡುಗುವ ಚುಕ್ಕೆಯನ್ನು ಮಕ್ಕಳಿಗೆ ತೋರಿಸುವುದು, ಊರಿಗೆ ನಲ್ಲಿ ಬಂದಮೇಲೂ ಹಗ್ಗ ಕೊಡ ಹಿಡಿದು ಬಾವಿಗೆ ಹೋದಂತೆ.”

ಉಪಮೆ ಚೆನ್ನಾಗಿದೆ. ಆದರೆ ನಲ್ಲಿ ಬಂತೆಂದು ಬಾವಿಯನ್ನು ಮುಚ್ಚಿದ ಊರುಗಳು ಬೇಸಗೆಯಲ್ಲಿ ಏನು ಮಾಡುತ್ತವೆಂಬುದನ್ನು ಚಿತ್ರದುರ್ಗದ ಸೀಮೆಯವರಿಗೆ ನಾನು ಹೇಳಬೇಕೆ?

ಅದು ಹಾಗಿರಲಿ. ನೆಲದ ಮೇಲಿನ ದೂರದರ್ಶಕದಲ್ಲಿ ಕಾಣುವುದು ಅತ್ಯಲ್ಪವೆಂಬುದನ್ನು ನಾನು ಮೊದಲೇ ಒಪ್ಪಿಬಿಡುತ್ತೇನೆ. ಎಷ್ಟು ಅಲ್ಪವೆಂಬುದನ್ನು ಲೆಕ್ಕದಲ್ಲಿಯೇ ನೋಡೋಣ. ಪಂಚಾಂಗವನ್ನು ಬಲ್ಲವರಿಗೆ ಅಂಶ, ಕಲೆ, ವಿಕಲೆಗಳು ಹೊಸವಲ್ಲ: ಒಂದು ಅಂಶಕ್ಕೆ ೬೦ ಕಲೆ, ಒಂದು ಕಲೆಗೆ ೬೦ ವಿಕಲೆ. ಪೂರ್ಣಚಂದ್ರನ ಬಿಂಬವು ಸುಮಾರು ೧೮೦೦ ವಿಕಲೆ. ೨೦೦೩ರ ಆಗಸ್ಟ್ ೨೭ರಂದು ಕುಜನು ನಮಗೆ ಸುಮಾರು ೫ ಕೋಟಿ ೫೮ ಲಕ್ಷ ಕಿಲೋಮೀಟರುಗಳಷ್ಟು ಹತ್ತಿರ ಬಂದನು. ಅಷ್ಟು ಸಮೀಪಕ್ಕೆ ಅವನು ಬಂದು ಸುಮಾರು ಅರುವತ್ತು ಸಾವಿರ ವರ್ಷಗಳಾಗಿದ್ದುವೆಂದು ಗಣಿತಜ್ಞರು ಹೇಳಿದರು. ಆಗಲೂ ಅವನ ಬಿಂಬವು ೨೫ ವಿಕಲೆ ಮಾತ್ರ. ಚಂದ್ರನ ಅಡ್ಡಳತೆಯ ಎಪ್ಪತ್ತರಲ್ಲೊಂದು ಪಾಲು. ನಮ್ಮ ತಲೆಯ ಮೇಲಿನ ಗಾಳಿಯೋ ಸಾಮಾನ್ಯ ರಾತ್ರಿಗಳಲ್ಲಿ ಒಂದು ವಿಕಲೆಯಷ್ಟನ್ನು ಕದಡಿಬಿಡುತ್ತದೆ. ಆ ದೂರದಲ್ಲಿ ಒಂದು ವಿಕಲೆಯೆಂದರೆ ೨೭೦ ಕಿಲೋಮೀಟರು. ಅಂದರೆ ಚಿತ್ರದುರ್ಗವನ್ನೂ ಬೆಂಗಳೂರನ್ನೂ ಎತ್ತಿ ಕುಜನ ಮೇಲೆ ಇಟ್ಟರೆ, ಇಲ್ಲಿಂದ ನೋಡುವವನಿಗೆ ಅವೆರಡೂ ಕೂಡಿ ಒಂದೇ ಮಸಿಯಾಗುವುವು.

(ಪ್ರತಿವರ್ಷವೂ ಆಗಸ್ಟ್ ತಿಂಗಳು ಬಂದೊಡನೆ “ಕುಜನು ಚಂದ್ರನಷ್ಟು ದೊಡ್ಡದಾಗಿ ಕಾಣುವನು” ಎಂಬ ಸುದ್ದಿ ಮನೆಮನೆಯ ಫೋನುಗಳಲ್ಲಿ ಹರಿದಾಡುವುದಷ್ಟೆ. ಅದರ ಮೂಲ ಆ ೨೦೦೩ನೆಯ ಇಸವಿಯದೇ. ೭೫ ಪಟ್ಟು ಹಿಗ್ಗಿಸಿ ತೋರುವ ದೂರದರ್ಶಕದಲ್ಲಿ ಕುಜನು ಬರಿಗಣ್ಣಿನ ಚಂದ್ರನಷ್ಟು ಕಾಣುವನೆಂದು ಬರೆದಿದ್ದ ವಾಕ್ಯದ ಪೂರ್ವಾರ್ಧವನ್ನು ಯಾರೋ ನುಂಗಿದರು. ವಿದ್ಯಾವಂತರ ಮನೆಗಳಿಂದಲೇ ನನಗೆ ಈ ಸುದ್ದಿ ಹೆಚ್ಚಾಗಿ ಬಂದಿರುವುದು.)

ಆ ವರ್ಷದ ಸೆಪ್ಟೆಂಬರ್ ಮೊದಲಲ್ಲಿ ಒಂದು ರಾತ್ರಿ, ಮಳೆಯ ಮೋಡಗಳು ಬಿರಿದಾಗ, ಸ್ನೇಹಿತರೊಬ್ಬರು ಬೆಂಗಳೂರಿನಿಂದ ತಂದಿದ್ದ ಆರು ಅಂಗುಲದ ದೂರದರ್ಶಕದಲ್ಲಿ ನಾನು ಕುಜನನ್ನು ನೋಡಿದೆನು. ಮೊದಲು ಕಂಡದ್ದು ಒಲೆಯ ಕೆಂಡದಂತೆ ಅದುರುವ ಒಂದು ಬಿಲ್ಲೆ. ಇಷ್ಟೇಯೇ ಎಂದು ಕಣ್ಣು ತೆಗೆಯುವವನಿದ್ದೆನು. “ಕಾಯಿರಿ ಮೇಷ್ಟ್ರೇ, ದುರ್ಗದ ಅಕ್ಕ ತಂಗಿ ಹೊಂಡದ ತಳದಲ್ಲಿ ಬಿದ್ದ ಕಾಸನ್ನು ನೋಡುವಂತೆ ನೋಡಿರಿ” ಎಂದರು ಸ್ನೇಹಿತರು. ಅಲೆಯಾಡುವಾಗ ಕಾಸು ಕಾಣುವುದಿಲ್ಲ. ಅಲೆ ನಿಂತ ಕ್ಷಣದಲ್ಲಿ ಕಾಣುವುದು. ಕಾಲು ಗಂಟೆ ಕಾದಮೇಲೆ, ಒಂದೇ ಒಂದು ಕ್ಷಣ ಗಾಳಿಯು ಉಸಿರು ಬಿಗಿಹಿಡಿದಂತಾಯಿತು. ಬಿಲ್ಲೆಯ ಒಂದು ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು. ನಡುವೆ ಬೂದುಬಣ್ಣದ ಒಂದು ಮಬ್ಬು. ಮತ್ತೆ ಎಲ್ಲವೂ ಕದಡಿತು. ಆ ಬಿಳುಪು ದಕ್ಷಿಣಧ್ರುವದ ಹಿಮವೆಂದು ಅವರು ಹೇಳಿದರು. ನಾನು ನಿಜವಾಗಿ ಕಂಡೆನೆ, ಹೇಳಿಸಿಕೊಂಡದ್ದರಿಂದ ಕಂಡಂತಾಯಿತೆ ಎಂಬ ಸಂದೇಹವು ಮನೆಗೆ ಹೋಗುವವರೆಗೂ ನನ್ನನ್ನು ಬಿಡಲಿಲ್ಲ. ಮರುದಿನ ಪುನಃ ಹೋದೆನು. ಅದರ ಮರುದಿನವೂ ಹೋದೆನು.

ನಮ್ಮ ಮಿತ್ರರು ಹಾಸ್ಯಮಾಡುವ ಆ “ನಡುಗುವ ಚುಕ್ಕೆ”ಯು ಕೊಡುವುದು ಈ ಸಂದೇಹವನ್ನೇ. ಪರದೆಯು ಅದನ್ನು ಕೊಡಲಾರದು. ಪರದೆಯ ಮೇಲಿನ ಚಿತ್ರವು ಸ್ಪಷ್ಟ. ಆದಕಾರಣ ಪ್ರಶ್ನಿಸುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಅದು ಆಪ್ತವಾಕ್ಯ, ಶಬ್ದಪ್ರಮಾಣ. ಶಬ್ದಪ್ರಮಾಣವನ್ನು ನಾನು ಹಳಿಯುವವನಲ್ಲ. ಅದರಿಂದಲೇ ಅನ್ನ ಉಂಡು ಬಾಳಿದವನು. ಆದರೆ ಪ್ರತ್ಯಕ್ಷವು ಹೇಗೆ ಹುಟ್ಟುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಒಮ್ಮೆಯಾದರೂ ಅನುಭವಿಸದ ಹುಡುಗನಿಗೆ ಆಪ್ತನಾರು, ಅನಾಪ್ತನಾರು ಎಂಬುದು ತಿಳಿಯುವುದೆಂತು? ಗೌತಮರ ನ್ಯಾಯಶಾಸ್ತ್ರವು ಪ್ರತ್ಯಕ್ಷಕ್ಕೆ ಲಕ್ಷಣ ಹೇಳುವಾಗ ಕಣ್ಣಿಗೂ ವಸ್ತುವಿಗೂ ಸಂಬಂಧವಾದರೆ ಸಾಕೆನ್ನಲಿಲ್ಲ. ಜ್ಞಾನವು ಅವ್ಯಭಿಚಾರಿಯಾಗಿರಬೇಕೆಂದಿತು, ಎಂದರೆ ಇಲ್ಲದ್ದನ್ನು ಇದೆಯೆಂದು ತೋರಿಸಕೂಡದು. ಬಿಸಿಲ್ಗುದುರೆಯನ್ನು ನೀರೆಂದವನ ಕಣ್ಣೂ ಕಂಡದ್ದು ನಿಜವೇ.

ಕುಜನ ವಿಷಯದಲ್ಲಿ ಈ ವ್ಯಭಿಚಾರವು ನಡೆದ ಕಥೆಯು ಸ್ವಾರಸ್ಯವಾಗಿದೆ. ೧೬೫೯ರಲ್ಲಿ ಹಾಲೆಂಡಿನ ಹೈಗೆನ್ಸ್ ಎಂಬವನು ಕುಜಬಿಂಬದ ಮೇಲೆ ಒಂದು ಕಪ್ಪು ಗುರುತನ್ನು ಕಂಡು ಬರೆದಿಟ್ಟನು. ಅದು ತಿರುಗಿ ತಿರುಗಿ ಬರುವುದನ್ನು ನೋಡಿ ಅಲ್ಲಿಯ ದಿನವು ಸುಮಾರು ನಮ್ಮ ದಿನದಷ್ಟೇ ಎಂದನು. ಆ ಗುರುತು ಇಂದಿನ ನಕ್ಷೆಗಳಲ್ಲಿಯೂ ಸಿರ್ಟಿಸ್ ಮೇಜರ್ ಎಂಬ ಹೆಸರಿನಿಂದ ಇದ್ದಲ್ಲೇ ಇದೆ. ೧೮೭೭ರಲ್ಲಿ ಮಿಲಾನಿನ ಸ್ಕಿಯಾಪರೆಲ್ಲಿ ಎಂಬ ವಿದ್ವಾಂಸನು ೨೨ ಸೆಂಟಿಮೀಟರಿನ ಮಸೂರದಲ್ಲಿ ನೋಡಿ, ಆ ಬಿಂಬದ ಮೇಲೆ ತೆಳುವಾದ ಗೆರೆಗಳಿವೆಯೆಂದನು. ಅವನು ಬಳಸಿದ ಇಟಲಿಯ ಮಾತಿಗೆ ಕಾಲುವೆ, ಸಹಜವಾದ ತೋಡು ಎಂಬ ಎರಡರ್ಥಗಳೂ ಇದ್ದುವು. ಇಂಗ್ಲಿಷಿಗೆ ಬರುವಾಗ ತೋಡು ಹೋಗಿ ತೋಡಿದ ಕಾಲುವೆ ಉಳಿಯಿತು. ಅಮೆರಿಕದ ಲೋವೆಲ್ ಎಂಬ ಧನಿಕನು ೧೮೯೪ರಲ್ಲಿ ಅರಿಝೋನಾ ಸೀಮೆಯಲ್ಲಿ ಸ್ವಂತ ವೀಕ್ಷಣಾಲಯವನ್ನೇ ಕಟ್ಟಿಸಿ, ನೂರಾರು ಕಾಲುವೆಗಳ ನಕ್ಷೆ ಬರೆದು, ಬತ್ತುತ್ತಿರುವ ಗ್ರಹದ ಬುದ್ಧಿವಂತರು ಧ್ರುವದ ನೀರನ್ನು ಊರಿಗೆ ತರುತ್ತಿದ್ದಾರೆಂದು ಪುಸ್ತಕಗಳನ್ನು ಪ್ರಕಟಿಸಿದನು. ಅವನು ಸುಳ್ಳುಗಾರನಲ್ಲ. ಕಂಡದ್ದನ್ನೇ ಬರೆದನು, ಆದರೆ ಕಂಡದ್ದಕ್ಕೂ ಕಂಡೆನೆಂದು ಕೊಂಡದ್ದಕ್ಕೂ ನಡುವೆ ಇರುವ ಗೋಡೆಯನ್ನು ಅವನು ಮುಟ್ಟಿನೋಡಲಿಲ್ಲ.

ಆ ಗೋಡೆಯನ್ನು ಮುಟ್ಟಿ ತೋರಿಸಿದವರು ಶಾಲೆಯ ಹುಡುಗರು! ೧೯೦೩ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮೌಂಡರ್ ಎಂಬವನು, ಇವಾನ್ಸ್ ಎಂಬ ಮುಖ್ಯೋಪಾಧ್ಯಾಯನೊಡನೆ ಸೇರಿ, ಗೆರೆಗಳೇ ಇಲ್ಲದ, ಬರಿಯ ಚುಕ್ಕೆ ಮಚ್ಚೆಗಳಿರುವ ಬಿಂಬವೊಂದನ್ನು ಗೋಡೆಗೆ ತೂಗುಹಾಕಿ ಬರೆಯಹೇಳಿದನು. ತಕ್ಕಷ್ಟು ದೂರದಲ್ಲಿ ಕುಳಿತ ಹುಡುಗರು ಚುಕ್ಕೆಗಳನ್ನು ಕೂಡಿಸಿ ಗೆರೆಗಳನ್ನು ಬರೆದರು. ಫ್ರಾನ್ಸಿನ ಫ್ಲಮ್ಮಾರಿಯನ್ ಇದನ್ನೇ ತನ್ನ ದೇಶದ ಮಕ್ಕಳಿಂದ ಮಾಡಿಸಿದಾಗ ಗೆರೆಗಳು ಬರಲಿಲ್ಲವೆಂಬುದನ್ನೂ ಮುಚ್ಚಿಡಬಾರದು. ನಾನು ಇದನ್ನು ಓದಿದಮೇಲೆ ನನ್ನ ತರಗತಿಯಲ್ಲಿಯೇ ಪರೀಕ್ಷಿಸಿದೆನು. ಸಂಸ್ಕೃತದ ಗಂಟೆ, ಶಬ್ದರೂಪಗಳನ್ನು ಬದಿಗಿಟ್ಟು, ಬಿಳಿಯ ಕಾಗದದ ಮೇಲೆ ಮಸಿಯ ಚುಕ್ಕೆಗಳನ್ನು ಚದರಿಸಿ ಹಲಗೆಗೆ ಅಂಟಿಸಿದೆನು. ಮುಂದಿನ ಬೆಂಚಿನವರು ಚುಕ್ಕೆಗಳನ್ನು ಬರೆದರು. ಹಿಂದಿನ ಬೆಂಚಿನವರಲ್ಲಿ ಹಲವರು ಗೆರೆ ಎಳೆದರು. ಒಬ್ಬನು ಎರಡು ಗೆರೆಗಳು ಕೂಡುವಲ್ಲಿ ಒಂದು ಊರನ್ನೇ ಬರೆದಿದ್ದನು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಬರಿಯ ವೃತ್ತವನ್ನು ಬರೆದು ತಂದಳು. “ಒಳಗೆ ಏನೋ ಮಸುಕಾಗಿದೆ ಸಾರ್, ಏನೆಂದು ನನಗೆ ಗೊತ್ತಾಗಲಿಲ್ಲ” ಎಂದಳು. ಮುಂದಿನ ಬೆಂಚಿನವರು ನಕ್ಕರು. ನನ್ನ ಮೂವತ್ತು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ಅದಕ್ಕಿಂತ ಸರಿಯಾದ ಉತ್ತರವನ್ನು ನಾನು ಹೆಚ್ಚಾಗಿ ಕೇಳಿಲ್ಲ. ದೊಡ್ಡ ಪರದೆಯ ಮುಂದೆ ಕುಳಿತ ಮಗುವಿಗೆ ಈ ಉತ್ತರವನ್ನು ಹೇಳುವ ಸಂದರ್ಭವೇ ಬರುವುದಿಲ್ಲವಲ್ಲ, ಇದೇ ನನ್ನ ಅಳಲು.

ಕಾಲುವೆಗಳು ಮಾಯವಾದದ್ದು ಗಗನನೌಕೆಯಿಂದೆಂದು ಮಿತ್ರರು ಹೇಳಬಹುದು. ೧೯೬೫ರ ಜುಲೈಯಲ್ಲಿ ಮ್ಯಾರಿನರ್ ೪ ಎಂಬ ನೌಕೆಯು ಕುಜನ ಬಳಿ ಹಾದು, ಕುಳಿಬಿದ್ದ ನೆಲದ ಚಿತ್ರಗಳನ್ನು ಕಳುಹಿಸಿದ್ದು ನಿಜ. ಆದರೆ ಅದಕ್ಕೆ ೫೬ ವರ್ಷಗಳ ಹಿಂದೆಯೇ, ೧೯೦೯ರ ಸೆಪ್ಟೆಂಬರಿನಲ್ಲಿ, ಪ್ಯಾರಿಸಿನ ಬಳಿಯ ಮ್ಯೂಡನ್ನಿನಲ್ಲಿ ಆಂಟೋನಿಯಾಡಿ ಎಂಬವನು ೮೩ ಸೆಂಟಿಮೀಟರಿನ ಮಸೂರದಲ್ಲಿ, ಗಾಳಿಯು ಅಲುಗದ ಒಂದು ರಾತ್ರಿ, ಗೆರೆಗಳೆಲ್ಲ ಒಡೆದು ಲೆಕ್ಕವಿಲ್ಲದ ಮಚ್ಚೆಗಳಾಗಿರುವುದನ್ನು ಕಂಡಿದ್ದನು. ನೆಲದ ಮೇಲೆ ಹುಟ್ಟಿದ ಭ್ರಾಂತಿಯನ್ನು ನೆಲದ ಮೇಲೆಯೇ ಕಳೆದದ್ದಾಯಿತು.

ಇಷ್ಟು ಹೇಳಿದಾಗ ನನ್ನ ಕಡೆಯ ಕೆಲವರು ಸಂತೋಷಪಟ್ಟು, “ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತು, ಕುಜನಿಗೆ ಭೌಮ, ಭೂಮಿಪುತ್ರನೆಂಬ ಹೆಸರೇ ಅವನ ನೆಲವು ನಮ್ಮ ನೆಲದಂಥದೆಂದು ಸಾರುತ್ತದೆ, ದೂರದರ್ಶಕವೂ ಬೇಡ, ಪರದೆಯೂ ಬೇಡ” ಎಂದು ಮುಂದೆ ಬರುವರು. ಇವರಿಗೆ ನಾನು ಹೇಳುವುದು ಇನ್ನೂ ಕಠಿಣವಾದೀತು. ನಮ್ಮವರೆಂಬ ಸಲಿಗೆಯಿಂದ ಹೇಳುತ್ತೇನೆ. ಸೂರ್ಯಸಿದ್ಧಾಂತವು ಗ್ರಹಬಿಂಬಗಳಿಗೆ ಅಳತೆ ಹೇಳುತ್ತದೆ. ಚಂದ್ರನ ಕಕ್ಷೆಯಲ್ಲಿಟ್ಟು ನೋಡಿದರೆ ಕುಜಬಿಂಬವು ೩೦ ಯೋಜನ. ಅಲ್ಲಿ ೧೫ ಯೋಜನಕ್ಕೆ ಒಂದು ಕಲೆ. ಆದ್ದರಿಂದ ಎರಡು ಕಲೆ, ಎಂದರೆ ೧೨೦ ವಿಕಲೆ. ವಾಸ್ತವವಾಗಿ ಅದು ೨೫ನ್ನು ಮೀರುವುದೇ ಅಪರೂಪ. ಇದು ಆ ಆಚಾರ್ಯರಿಗೆ ಕುಂದಲ್ಲ. ಹೊಳೆಯುವ ಚುಕ್ಕೆಯನ್ನು ಬರಿಗಣ್ಣು ಹಿಗ್ಗಿಸಿಯೇ ಕಾಣುವುದು; ದೂರದರ್ಶಕಕ್ಕೆ ಹಿಂದಿನ ಯೂರೋಪಿನ ಪಂಡಿತರೂ ಹೀಗೆಯೇ ಹಿಗ್ಗಿಸಿ ಬರೆದರು. ಆಚಾರ್ಯರು ತಮಗೆ ತೋರಿದ್ದನ್ನು ಸಂಖ್ಯೆಯಲ್ಲಿ ಬರೆದರು. ಸಂಖ್ಯೆಯಲ್ಲಿ ಬರೆದುದರಿಂದಲೇ ಇಂದು ಅದು ತಪ್ಪೆಂದು ನಾವು ಹೇಳಬಲ್ಲೆವು. ಒಂದು ಹೆಸರಿನೊಳಗೆ ಇಡೀ ಭೂಗರ್ಭಶಾಸ್ತ್ರವನ್ನು ಕಾಣುವವರು ಲೋವೆಲ್ಲನ ಕಾಲುವೆಯ ದಡದಲ್ಲಿಯೇ ಮನೆ ಕಟ್ಟಿದವರು. ಅವರನ್ನು ಗೌರವದಿಂದ ಅಲ್ಲಿಯೇ ಬಿಟ್ಟು ಮುಂದೆ ಹೋಗುತ್ತೇನೆ.

ಇಂಜಿನಿಯರ್ ಮಿತ್ರರ ಎರಡನೆಯ ಮಾತು ಹೆಚ್ಚು ತೂಕವುಳ್ಳದ್ದು. “ನೌಕೆಗಳು ಬಂದಮೇಲೆ ನೆಲದ ದೂರದರ್ಶಕದಿಂದ ಗ್ರಹಗಳ ನೆಲದ ವಿಷಯವಾಗಿ ಹೊಸದೇನನ್ನಾದರೂ ಕಂಡದ್ದುಂಟೆ?” ಎಂದು ಅವರು ಕೇಳಿದರು. ಉಂಟು. ಬುಧನನ್ನು ತೆಗೆದುಕೊಳ್ಳೋಣ. ಇವನು ಸೂರ್ಯನ ಮಗ್ಗುಲನ್ನು ಬಿಡದವನು. ಸಂಜೆಯಲ್ಲಿಯೋ ಮುಂಜಾನೆಯಲ್ಲಿಯೋ ದಿಗಂತದ ಕಲಕಿದ ಗಾಳಿಯಲ್ಲಿ ಮಾತ್ರ ಸಿಕ್ಕುವವನು. ಅದೇ ಸ್ಕಿಯಾಪರೆಲ್ಲಿಯು ಇವನನ್ನು ಹಗಲಿನಲ್ಲಿಯೇ ವರ್ಷಗಟ್ಟಲೆ ನೋಡಿ, ಇವನು ೮೮ ದಿನಗಳಿಗೊಮ್ಮೆ ತನ್ನ ಸುತ್ತ ತಾನು ತಿರುಗುವನೆಂದೂ, ಸೂರ್ಯನಿಗೆ ಸದಾ ಒಂದೇ ಮುಖವನ್ನು ತೋರುವನೆಂದೂ ೧೮೮೯ರಲ್ಲಿ ಪ್ರಕಟಿಸಿದನು. ಕಾಲುವೆಗಳನ್ನು ಅಳಿಸಿದ ಆಂಟೋನಿಯಾಡಿಯೇ ಇದನ್ನು ಒಪ್ಪಿಕೊಂಡನು! ೧೯೬೫ರಲ್ಲಿ ಪೋರ್ಟೊರಿಕೊ ದ್ವೀಪದ ಅರೆಸಿಬೊದಿಂದ ರೇಡಿಯೋ ಅಲೆಗಳನ್ನು ಎಸೆದು ಹಿಂದಿರುಗಿದ ಪ್ರತಿಧ್ವನಿಯನ್ನು ಅಳೆದಾಗ, ಆ ಅವಧಿ ಸುಮಾರು ೫೯ ದಿನಗಳೆಂದು ತಿಳಿಯಿತು. ಬುಧನು ನಮಗೆ ಚೆನ್ನಾಗಿ ಕಾಣಸಿಕ್ಕುವ ಕಾಲಗಳಲ್ಲಿ ಬಹುಮಟ್ಟಿಗೆ ಅದೇ ಮುಖವೇ ಎದುರಾಗುವಂತೆ ಎರಡು ಗತಿಗಳೂ ಹೊಂದಿಕೊಂಡಿದ್ದುವು. ಮುಕ್ಕಾಲು ಶತಮಾನ ಎಲ್ಲರೂ ನಿಜವನ್ನೇ ಕಂಡು ತಪ್ಪನ್ನು ತಿಳಿದಿದ್ದರು. ಪ್ರತಿಧ್ವನಿ ಕೇಳಿಸಿದ ಆ ಅರೆಸಿಬೊ ಯಂತ್ರವೂ ನೆಲದ ಮೇಲಿನದೇ ಎಂಬುದನ್ನು ಗಮನಿಸಬೇಕು. ೨೦೨೦ರ ಡಿಸೆಂಬರಿನಲ್ಲಿ ಅದು ಕುಸಿದುಬಿದ್ದಿತು.

ಇನ್ನು ನೌಕೆಯ ಮಾತು. ಮ್ಯಾರಿನರ್ ೧೦ ಎಂಬುದು ೧೯೭೪ ಮತ್ತು ೧೯೭೫ರಲ್ಲಿ ಬುಧನ ಬಳಿ ಮೂರು ಸಲ ಹಾದಿತು. ಮೂರು ಸಲವೂ ಬಿಸಿಲು ಬಿದ್ದಿದ್ದುದು ಅದೇ ಮುಖದ ಮೇಲೆ. ಆದಕಾರಣ ಅರ್ಧ ಗ್ರಹದ ಚಿತ್ರವೂ ಪೂರ್ತಿಯಾಗಿ ಸಿಕ್ಕಲಿಲ್ಲ. ಇನ್ನೊಂದು ನೌಕೆಯು ಅಲ್ಲಿಗೆ ಹೋದದ್ದು ೨೦೦೮ರಲ್ಲಿ. ಈ ನಡುವೆ, ೧೯೯೮ರ ಆಗಸ್ಟ್ ೨೯ರ ಬೆಳಗ್ಗೆ, ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ನಿನಲ್ಲಿ, ೧೯೦೮ರಲ್ಲಿ ನೆಟ್ಟ ೬೦ ಅಂಗುಲದ ಹಳೆಯ ದರ್ಪಣವನ್ನು ಬುಧನ ಕಡೆಗೆ ತಿರುಗಿಸಿದರು. ಕ್ಷಣದ ಅತ್ಯಲ್ಪಭಾಗದಲ್ಲಿ ಒಂದೊಂದರಂತೆ ಸಾವಿರಾರು ಚಿತ್ರಗಳನ್ನು ತೆಗೆದು, ಗಾಳಿ ನಿಂತ ಕ್ಷಣಗಳ ಕೆಲವನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಕೂಡಿಸಿದರು. ಯಾವ ನೌಕೆಯೂ ಚಿತ್ರಿಸದಿದ್ದ ಪಾರ್ಶ್ವದ ಬೆಳಕು ಕಪ್ಪುಗಳು ಅದರಲ್ಲಿ ಮೂಡಿದುವು. ಹೊಂಡದ ತಳದ ಕಾಸನ್ನು ನೋಡುವ ನನ್ನ ಸ್ನೇಹಿತರ ಉಪಾಯವೇ ಇದು. ಅಲೆ ನಿಂತ ಗಳಿಗೆಯನ್ನು ಮನಸ್ಸಿನ ಬದಲು ಯಂತ್ರವು ಹೆಕ್ಕುತ್ತದೆ, ಅಷ್ಟೇ ಭೇದ.

ಇನ್ನೊಂದು ಉದಾಹರಣೆ ಕುಜನದೇ. ೨೦೧೨ರ ಮಾರ್ಚಿ ತಿಂಗಳಿನಲ್ಲಿ, ಹಲವು ನೌಕೆಗಳು ಆ ಗ್ರಹವನ್ನು ಸುತ್ತುತ್ತಿದ್ದಾಗಲೇ, ಬಿಂಬದ ಅಂಚಿನಿಂದ ೨೦೦ ಕಿಲೋಮೀಟರಿಗೂ ಮೇಲಕ್ಕೆ ಚಾಚಿದ ಹೊಗೆಯಂಥ ಒಂದು ಕೊಂಬನ್ನು ಮೊದಲು ಕಂಡವರು ಹವ್ಯಾಸಿಗಳು, ಎಂದರೆ ಬೇರೆ ಉದ್ಯೋಗವಿದ್ದು ತಮ್ಮ ತಮ್ಮ ಹಿತ್ತಿಲುಗಳಲ್ಲಿ ದೂರದರ್ಶಕವಿಟ್ಟುಕೊಂಡ ಗೃಹಸ್ಥರು. ಅದರ ವಿಚಾರವಾಗಿ ೨೦೧೫ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಲೇಖನವೇ ಬಂದಿತು. ನೌಕೆಯು ಹತ್ತಿರವಿದ್ದು ಒಂದು ಪಟ್ಟೆಯನ್ನು ನೋಡುವುದು. ದೂರದವನು ಒಮ್ಮೆಗೇ ಇಡೀ ಬಿಂಬವನ್ನೂ ಅದರ ಅಂಚನ್ನೂ ನೋಡುವನು. ನಮ್ಮ ಮಂಗಳಯಾನವು ೨೦೨೨ರಲ್ಲಿ ಮೌನವಾಯಿತು. ಕುಜನು ಈಗಲೂ ಎರಡು ವರ್ಷ ಎರಡು ತಿಂಗಳಿಗೊಮ್ಮೆ ತಪ್ಪದೆ ಎದುರಿಗೆ ಬರುತ್ತಿದ್ದಾನೆ.

“ದೊಡ್ಡ ಜ್ಯೋತಿರ್ವಿಜ್ಞಾನಿಗಳೇ ಈಗ ಕೊಳವೆಗೆ ಕಣ್ಣಿಡುವುದಿಲ್ಲ; ಲಡಾಖಿನ ಹಾನ್ಲೆಯಲ್ಲಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿ ನಡೆಸುತ್ತಾರೆ” ಎಂದೂ ಆಕ್ಷೇಪ ಬಂದಿತು. ಸರಿ. ಹೊಸಕೋಟೆಯ ಪರದೆಯು ತೋರಿಸುವುದು ಆ ರಾತ್ರಿ ಹಾನ್ಲೆಯ ಗಾಳಿಯಲ್ಲಿ ಹಾದು ಬಂದ ಬೆಳಕನ್ನು. ಅದು ಕೆಟ್ಟರೆ ಏಕೆ ಕೆಟ್ಟಿತೆಂದು ಕುಳಿತವರು ಬಲ್ಲರು. ನಾವು ಕೊಳ್ಳಹೊರಟಿರುವ ಪರದೆಗೆ ಗಾಳಿಯೇ ಇಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರದೇ ಇನ್ನೊಂದು ಪ್ರಸಂಗವಿದೆ. ೧೯೭೭ರ ಮಾರ್ಚ್ ೧೦ರಂದು ಅವರ ಕಾವಲೂರು ವೀಕ್ಷಣಾಲಯದಲ್ಲಿ, ಯುರೇನಸ್ ಗ್ರಹವು ಒಂದು ನಕ್ಷತ್ರದ ಬಳಿ ಹಾಯುವಾಗ ನಕ್ಷತ್ರದ ಬೆಳಕು ಒಂದು ಗಳಿಗೆ ಕುಗ್ಗಿದ್ದನ್ನು ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಎಂಬವರು ದಾಖಲೆಮಾಡಿದರು. ಹೊಸ ಉಪಗ್ರಹವಿರಬಹುದೆಂದು ಬರೆದರು. ಅದು ಆ ಗ್ರಹದ ಉಂಗುರವೆಂದು ಇತರರ ವೀಕ್ಷಣೆಗಳೊಡನೆ ಹೋಲಿಸಿದಾಗ ಗೊತ್ತಾಯಿತು. ಕಂಡದ್ದನ್ನು ಕಂಡಂತೆ ಬರೆದಿದ್ದುದರಿಂದ ಊಹೆ ತಪ್ಪಿದರೂ ದಾಖಲೆ ನಿಂತಿತು.

ಕಡೆಯದಾಗಿ ಒಂದು ಮಾತು, ಇದು ನಮ್ಮ ಜಿಲ್ಲೆಯದೇ. ಚಂದ್ರಯಾನದ ಇಳಿಗಾಡಿಗೆ ನೆಲವನ್ನು ನೋಡಿ ಇಳಿಯುವುದನ್ನು ಕಲಿಸಬೇಕಾದಾಗ, ನಮ್ಮ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ, ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ, ಚಂದ್ರನ ಕುಳಿಗಳನ್ನು ಹೋಲುವ ಹಳ್ಳಗಳನ್ನು ತೋಡಿ, ಅದರ ಉಪಕರಣಗಳನ್ನು ವಿಮಾನದಲ್ಲಿ ಹೊತ್ತು ಮೇಲೆ ಹಾರಿಸಿ ನೋಡಿದರು. ಚಂದ್ರನ ಸ್ಪಷ್ಟವಾದ ಚಿತ್ರಗಳು ನಮ್ಮವರ ಬಳಿ ಇರಲಿಲ್ಲವೆ? ಬೇಕಾದಷ್ಟು ಇದ್ದುವು. ಆದರೂ ಯಂತ್ರಕ್ಕೆ ಬರಿಯ ಚಿತ್ರ ತೋರಿಸಿದರೆ ಸಾಲದು, ನಿಜವಾದ ಹಳ್ಳವನ್ನು ನಿಜವಾದ ಗಾಳಿಯ ಮೂಲಕ ತಾನೇ ನೋಡಿ ಹಳ್ಳವಾವುದು, ನೆರಳಾವುದು ಎಂದು ವಿವೇಚಿಸುವ ಅಭ್ಯಾಸ ಬೇಕೆಂದು ತಿಳಿದರು. ೨೦೧೯ರಲ್ಲಿ ಒಂದು ಸಲ ಸೋತು, ೨೦೨೩ರ ಆಗಸ್ಟ್ ೨೩ರಂದು ಗೆದ್ದರು. ಯಂತ್ರಕ್ಕೆ ಇಷ್ಟು ಪಾಠವನ್ನು ಚಿತ್ರದುರ್ಗ ಜಿಲ್ಲೆಯಲ್ಲಿ 
ಹೇಳಿಕೊಟ್ಟಮೇಲೆ, ಅದೇ ಜಿಲ್ಲೆಯ ಮಕ್ಕಳಿಗೆ ಚಿತ್ರ ಸಾಕೆಂದು ಹೇಳುವುದಕ್ಕೆ ನಮಗೆ ಬಾಯಿ ಬರುವುದೆಂತು?

ಪರದೆಯನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಬೇರೆ ಹಣದಿಂದ ಕೊಳ್ಳಲಿ. ನಾನೂ ಶಕ್ತ್ಯನುಸಾರ ಕೊಡುತ್ತೇನೆ. ದೂರದರ್ಶಕದ ಹಣವು ದೂರದರ್ಶಕಕ್ಕೇ ಇರಲಿ ಎಂದಷ್ಟೇ ನನ್ನ ವಾದ. ೨೦೨೭ರ ಫೆಬ್ರವರಿ ೧೯ರಂದು ಕುಜನು ಸಿಂಹರಾಶಿಯಲ್ಲಿ ಸೂರ್ಯನಿಗೆ ಎದುರಾಗುವನು. ಬಿಂಬವು ೧೪ ವಿಕಲೆಗೂ ತುಸು ಕಡಿಮೆ, ಚಿಕ್ಕದು, ನಿಜ. ಆದರೆ ನಮ್ಮ ಸೀಮೆಯಲ್ಲಿ ಅದು ಮಳೆಮೋಡಗಳಿಲ್ಲದ ಕಾಲ, ಗ್ರಹವು ನೆತ್ತಿಯ ಸಮೀಪಕ್ಕೆ ಏರುವುದು, ಉತ್ತರಧ್ರುವದ ಬಿಳುಪು ನಮ್ಮ ಕಡೆಗೆ ಬಾಗಿರುವುದು. ಎಂಟು ಅಂಗುಲದ ದರ್ಪಣದಲ್ಲಿ ಇನ್ನೂರು ಪಟ್ಟು ಹಿಗ್ಗಿಸಿದರೆ ಬರಿಗಣ್ಣಿನ ಚಂದ್ರನಿಗಿಂತ ದೊಡ್ಡದಾಗಿಯೇ ಕಂಡೀತು. ೨೦೦೩ರಂಥ ದೊಡ್ಡ ಬಿಂಬ ಮತ್ತೆ ಬರುವುದು ೨೦೩೫ರ ಸೆಪ್ಟೆಂಬರಿನಲ್ಲಿ. ಅಷ್ಟು ಕಾಲ ಕಾಯುವ ಭರವಸೆ ನನ್ನ ವಯಸ್ಸಿನವನಿಗೆ ಕಡಿಮೆ.

ಒಂದು ಅಡಚಣೆ ಉಳಿದಿದೆ. ಶಾಲೆಯ ಮೈದಾನದ ನಡುವೆ ಈಚೆಗೆ ಎತ್ತರದ ಕಂಬವೊಂದನ್ನು ನೆಟ್ಟು ಅದರ ತುದಿಗೆ ಆರು ದೀಪಗಳನ್ನು ಕಟ್ಟಿದ್ದಾರೆ. ಅವು ಉರಿಯುತ್ತಿದ್ದರೆ ಮೈದಾನದಲ್ಲಿ ಮಖಾನಕ್ಷತ್ರವೂ ಸರಿಯಾಗಿ ಕಾಣದು. ಅದರ ಗುಂಡಿಯು ಜವಾನನ ಕೋಣೆಯಲ್ಲಿದೆಯೆಂದು ತಿಳಿದು, ಮೊನ್ನೆ ಹೋಗಿ ಅವನನ್ನು ಕಂಡು ಬಂದೆನು. ರಾತ್ರಿ ಎರಡು ಗಂಟೆಯ ಹೊತ್ತು ಆರಿಸಿಡುವುದಕ್ಕೆ ಅವನ ಅಭ್ಯಂತರವಿಲ್ಲ. ಮುಖ್ಯೋಪಾಧ್ಯಾಯರಿಂದ ಒಂದು ಕಾಗದ ಬೇಕೆಂದನು.